ಕಾಲಳತೆಯ ಬಾಡಿಗೆ ಮನೆ
ಬೆಂಗಳೂರಿನ ಮಲ್ಲೇಶ್ವರದಲ್ಲಿ ಸ್ವಂತ ಗಾಡಿ ಇಲ್ಲದೆಯೂ ಸಂಸಾರ ಸಾಗುತ್ತದೆ. ಎಂಟನೇ ಕ್ರಾಸಿನ ಹೂವು, ಹಣ್ಣು, ಸಂಪಿಗೆ ರಸ್ತೆಯ ಬಟ್ಟೆ ಅಂಗಡಿ, ಕಾಡು ಮಲ್ಲೇಶ್ವರನ ಗುಡಿ, ತುದಿಗೆ ಮೆಟ್ರೊ, ಎಲ್ಲವೂ ಕಾಲಳತೆಯಲ್ಲೇ ಇವೆ. 1898ರ ಪ್ಲೇಗಿನ ಬಳಿಕ ಊರಿನ ಇಕ್ಕಟ್ಟಿನಿಂದ ಜನರನ್ನು ಹೊರತರಲೆಂದು ಬೆಳೆಸಿದ ಬಡಾವಣೆಯಿದು, ಬಸವನಗುಡಿಯೂ ಹಾಗೆಯೇ. ಇಂಥ ಕಡೆ ಸಾಧಾರಣ ಸಂಬಳದವರನ್ನು ಇಷ್ಟು ಕಾಲ ಉಳಿಸಿಕೊಂಡದ್ದು ವಠಾರಗಳು, ಹಿತ್ತಲಿನ ಔಟ್‌ಹೌಸುಗಳು, ಮಾಲೀಕರ ಮನೆಯ ಮೇಲಿನ ಎರಡು ಕೋಣೆಗಳು. ಅವನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದಾಗಲೆಲ್ಲ ಗುಮಾಸ್ತರು, ನರ್ಸುಗಳು, ಅಂಗಡಿ ಕೆಲಸದವರು ದೂರದ ಬಡಾವಣೆಗೆ ಸರಿಯಬೇಕಾಗುತ್ತದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಅಲ್ಲಿ ಬಾಡಿಗೆ ಕಡಿಮೆ, ಸರಿ. ಆದರೆ ಪೆಟ್ರೋಲು, ಆಟೊ, ರಸ್ತೆಯಲ್ಲಿ ಕಳೆದುಹೋಗುವ ಗಂಟೆಗಳನ್ನು ಕೂಡಿಸಿದರೆ ಲೆಕ್ಕವೇ ಬೇರೆಯಾಗುತ್ತದೆ. ಅಡ್ವಾನ್ಸಿನ ಹೊರೆಯಂತೂ ಅನ್ಯಾಯ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಬೇಡವೆಂದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ, ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಇಲ್ಲಿ ಆರು, ಹತ್ತು ತಿಂಗಳದ್ದನ್ನು ಕೇಳುವವರು ಈಗಲೂ ಇದ್ದಾರೆ. ಜಾತಿ, ಊಟ ವಿಚಾರಿಸಿ ಬಾಗಿಲು ಮುಚ್ಚುವವರೂ ಇದ್ದಾರೆ. ಅದಕ್ಕೆ ಯಾವ ಸಮಜಾಯಿಷಿಯೂ ಸಲ್ಲದು. ಹುಡುಕುವವರಿಗೆ ಒಂದು ಮಾತು: ಅಗ್ಗದ ಮನೆಗಳು ಎಷ್ಟೋ ಸಲ ಮೊಬೈಲಿನಲ್ಲಿ ಕಾಣುವುದೇ ಇಲ್ಲ. ಸಂಜೆ ಅಡ್ಡರಸ್ತೆಗಳಲ್ಲಿ ನಡೆಯಿರಿ, ಗೇಟಿನ ಟು-ಲೆಟ್ ಬೋರ್ಡು ನೋಡಿ, ಇಸ್ತ್ರಿ ಅಂಗಡಿಯವರನ್ನು ಕೇಳಿ. ಮನೆ ಸಿಕ್ಕರೆ ಕಾವೇರಿ ನೀರು ಯಾವ ದಿನ ಬರುತ್ತದೆ, ಕರೆಂಟ್ ಮೀಟರು ಬೇರೆಯೇ, ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನೆಲ್ಲ ಕರಾರಿಗೆ ಮೊದಲೇ ತಿಳಿದುಕೊಳ್ಳಿ.