ಗೆರೆ ಎಳೆಯುವ ಯಂತ್ರ

ಕಲಾ ವಿದ್ಯಾರ್ಥಿಗೆ ವೈದ್ಯಚಿತ್ರಗಳ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಎಲ್ಲೆ ಎಲ್ಲಿದೆ, ಅದನ್ನು ಎಳೆದವರು ಯಾರು ಎಂಬ ಪ್ರಶ್ನೆ ಇತಿಹಾಸ, ಭೂಗೋಳಗಳನ್ನು ಓದುವ ನಮಗೆ ಹೊಸದಲ್ಲ. ಅದನ್ನೇ ಈಗ ಮಿದುಳಿನ ಚಿತ್ರವನ್ನು ಮುಂದಿಟ್ಟು ಗಣಕಯಂತ್ರಕ್ಕೆ ಕೇಳುತ್ತಿದ್ದಾರೆ, ಅಷ್ಟೆ.

1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಎಂ.ಆರ್.ಐ. ಅನಂತರ ಬಂದಿತು. ಈಗ ಒಬ್ಬ ರೋಗಿಗೆ ನೂರಾರು ಪದರಗಳ ಚಿತ್ರ! ಅವುಗಳಲ್ಲಿ ಗೆಡ್ಡೆಯ ಅಂಚನ್ನು ಗುರುತಿಸುವುದು ವಿಭಜನೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವುದು ಜೋಡಣೆ.

ಜೋಡಣೆಯ ತೊಡಕು ಸ್ವಾರಸ್ಯವಾದುದು. ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುವ ಗಟ್ಟಿ ಮೂಳೆ ಎಂ.ಆರ್.ಐ.ಯಲ್ಲಿ ಕಪ್ಪು. ಬಿಳಿಗೆ ಬಿಳಿಯನ್ನು ಹೊಂದಿಸಹೊರಟರೆ ಕೆಲಸ ಕೆಟ್ಟಿತು. 1990ರ ದಶಕದ ನಡುವಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿಯೂ ಬೆಲ್ಜಿಯಮ್ಮಿನ ಲ್ಯೂವೆನ್ನಿನಲ್ಲಿಯೂ ಸಂಶೋಧಕರು, ಒಂದು ಚಿತ್ರವನ್ನು ನೋಡಿ ಇನ್ನೊಂದನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬುದನ್ನೇ ಅಳತೆಗೋಲಾಗಿಸಿಕೊಂಡರು. ಪದಕ್ಕೆ ಪದ ಸಿಕ್ಕದಿದ್ದರೂ ಅರ್ಥಕ್ಕೆ ಅರ್ಥ ಕೂಡಿಸುವ ಭಾಷಾಂತರಕಾರನ ಜಾಣ್ಮೆ ಇದು.

ವಿಭಜನೆಗೆ 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯದಿಂದ ಯು-ನೆಟ್ ಬಂದಿತು. ತಜ್ಞರು ಗೆರೆ ಹಾಕಿಕೊಟ್ಟ ಕೆಲವೇ ಚಿತ್ರಗಳಿಂದ ಕಲಿಯಬಲ್ಲದೆಂಬುದೇ ಇದರ ಹೆಗ್ಗಳಿಕೆ. ಇದನ್ನು ಮೆಚ್ಚದಿರುವುದು ಹೇಗೆ? ನನ್ನ ತಕರಾರು ಯಂತ್ರದ ಮೇಲಲ್ಲ, ಅದಕ್ಕೆ ಕೊಡುವ ಅಂಕದ ಮೇಲೆ.

ಅಂಕ ಕೊಡಲು ಹೆಚ್ಚಾಗಿ ಬಳಸುವುದು ಡೈಸ್ ಎಂಬ ಪ್ರಾಣಿವಿಜ್ಞಾನಿಯ 1945ರ ಸೂತ್ರ. ಎರಡು ಜೀವಜಾತಿಗಳು ಎಷ್ಟು ಬಾರಿ ಒಟ್ಟಿಗೆ ಕಾಣುತ್ತವೆ ಎಂದು ಅಳೆಯಲು ಹುಟ್ಟಿದ್ದು! ಒಂದು ಲೆಕ್ಕ ಹಾಕೋಣ. ರೋಗಿಗೆ ಎರಡು ಗೆಡ್ಡೆಗಳಿವೆ. ಒಂದು 1,000 ಚುಕ್ಕಿಗಳಷ್ಟು, ಇನ್ನೊಂದು ಬರೀ 10. ಯಂತ್ರವು ದೊಡ್ಡದನ್ನು ಪೂರ್ತಿ ಹಿಡಿದು ಚಿಕ್ಕದನ್ನು ಬಿಟ್ಟೇಬಿಟ್ಟರೂ ಸೂತ್ರ ಕೊಡುವ ಅಂಕ ನೂರಕ್ಕೆ 99.5. ನಮ್ಮ ಪರೀಕ್ಷೆಗಳಲ್ಲಿಯೂ ಇಷ್ಟು ಔದಾರ್ಯವಿದ್ದಿದ್ದರೆ! ಆದರೆ ಹೊಸದಾಗಿ ತಲೆಯೆತ್ತಿದ ಆ ಚಿಕ್ಕ ಗೆಡ್ಡೆಯೇ ಚಿಕಿತ್ಸೆಯ ದಾರಿಯನ್ನು ಬದಲಿಸಬೇಕಾದದ್ದು.

ಜೋಡಣೆಯಲ್ಲಿಯೂ ಇಂಥದೇ ಅಪಾಯ. ಹೋದ ವರ್ಷದ ಚಿತ್ರವನ್ನು ಈ ವರ್ಷದ್ದಕ್ಕೆ ಹೊಂದಿಸಲು ಯಂತ್ರಕ್ಕೆ ಮನಬಂದಂತೆ ಎಳೆಯುವ ಸ್ವಾತಂತ್ರ್ಯ ಕೊಟ್ಟರೆ, ಹಳೆಯ ಗೆಡ್ಡೆಯನ್ನು ಹಿಗ್ಗಿಸಿ ಹೊಸದರ ಮೇಲೆ ಸರಿಯಾಗಿ ಕೂರಿಸಿಬಿಡುತ್ತದೆ. ಚಿತ್ರಗಳು ಕೂಡಿದವು, ರೋಗ ಬೆಳೆದದ್ದು ಮಾತ್ರ ಕಾಣೆಯಾಯಿತು.

ಇಷ್ಟಕ್ಕೂ ಯಂತ್ರಕ್ಕೆ ಪಾಠ ಹೇಳುವ ಗೆರೆಗಳು ಮನುಷ್ಯರವು. ಒಂದೇ ಗೆಡ್ಡೆಗೆ ಇಬ್ಬರು ತಜ್ಞರು ಎಳೆದ ಅಂಚುಗಳು ಒಂದೇ ಆಗಿರುವುದಿಲ್ಲ. ಆ ಭಿನ್ನಮತವನ್ನು ಸರಾಸರಿಯಲ್ಲಿ ಅಡಗಿಸದೆ ಅಂಕದ ಪಕ್ಕದಲ್ಲಿಯೇ ಅಚ್ಚು ಮಾಡಬೇಕು; ಎಷ್ಟು ಚಿಕ್ಕ ಗೆಡ್ಡೆಗಳು ತಪ್ಪಿಹೋದವೆಂದು ಬೇರೆಯಾಗಿ ಎಣಿಸಿ ಹೇಳಬೇಕು; ಜೋಡಿಸಿದ ಚಿತ್ರದೊಡನೆ ಮೂಲದ ಎರಡನ್ನೂ ವೈದ್ಯರ ಮುಂದೆ ಇಡಬೇಕು. ಯಂತ್ರವನ್ನು ಕೊಳ್ಳುವ ಆಸ್ಪತ್ರೆಗಳು ಹಣ ಕೊಡುವ ಮುಂಚೆಯೇ ಈ ಮೂರನ್ನೂ ಕೇಳಲಿ.