ಖಾಲಿ ಜಾಗ ನೋಡಬೇಕೋ, ಆಟಗಾರನನ್ನೋ?

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್‌ನಲ್ಲಿ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಕೊರತೆಯಿರುವ ಸ್ಥಾನಕ್ಕೆ ಆರಿಸಬೇಕೋ, ಉಳಿದವರಲ್ಲಿ ಅತ್ಯುತ್ತಮನನ್ನೋ? ನನ್ನ ಮತ ಅತ್ಯುತ್ತಮನಿಗೆ.

2005ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಕೊರತೆ ಇರಲಿಲ್ಲ. ಹೆಸರಾಂತ ಬ್ರೆಟ್ ಫಾರ್ವ್ ಆಡುತ್ತಿದ್ದರು. ಆದರೂ ಅದೇ ಸ್ಥಾನದ ಆರನ್ ರಾಜರ್ಸ್ 24ನೇ ಸರದಿಯವರೆಗೂ ಉಳಿದಿದ್ದನ್ನು ಕಂಡು ತಂಡ ಅವರನ್ನೇ ಆರಿಸಿತು. ಮೂರು ವರ್ಷ ಅವರು ಹೆಚ್ಚಾಗಿ ಬೆಂಚಿನಲ್ಲೇ ಕುಳಿತರು. (ಅಷ್ಟು ಸಬರ್ ನಮ್ಮಲ್ಲಿ ಎಷ್ಟು ಜನರಿಗಿದೆ?) 2008ರಲ್ಲಿ ಫಾರ್ವ್ ತಂಡ ಬಿಟ್ಟಾಗ ರಾಜರ್ಸ್ ಸಿದ್ಧರಿದ್ದರು, 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟರು.

‘ಈ ವರ್ಷದ ಪಂದ್ಯ ಯಾರು ಆಡುತ್ತಾರೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಜಾಗಕ್ಕೆ ಒಪ್ಪಂದ ಮುಗಿದ ಅನುಭವಿಯೊಬ್ಬನನ್ನು ಬೇರೆ ತಂಡದಿಂದ ಕರೆತರಬಹುದಲ್ಲ!