ಕೆಂಪು ಬೊಟ್ಟಿಲ್ಲದ ವಿಮಾನ

ದೊಡ್ಡಬಳ್ಳಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಹರಿಕೇನ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸುತ್ತಿದ್ದಾನೆ. 1944ರಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ಇಂಫಾಲದಲ್ಲಿ ಹೋರಾಡಿದ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ವಿಮಾನವದು. ಪೆಟ್ಟಿಗೆಯ ಮೇಲಿನ ಚಿತ್ರದಂತೆ ರೆಕ್ಕೆಯ ವೃತ್ತದ ನಡುವೆ ಕೆಂಪು ಹಚ್ಚಿದರೆ ಚೆಂದವೆಂದು ಮನೆಯವರ ಅಭಿಪ್ರಾಯ.

ಕೂಡದು ಎನ್ನುತ್ತೇನೆ. ಜಪಾನೀ ವಿಮಾನಗಳ ಗುರುತು ಕೆಂಪು ಸೂರ್ಯ. ಆಕಾಶದಲ್ಲಿ ಕ್ಷಣಮಾತ್ರ ಕೆಂಪು ಕಂಡರೆ ಸಾಕು, ನಮ್ಮವರ ಗುಂಡಿಗೆ ನಮ್ಮವರೇ ಬಲಿ! ಆದುದರಿಂದಲೇ 1943ರಲ್ಲಿ ಈ ರಂಗದ ವಿಮಾನಗಳಿಂದ ಕೆಂಪನ್ನು ಅಳಿಸಿ, ನೀಲಿಯ ನಡುವೆ ಬಿಳಿ ಅಥವಾ ತಿಳಿನೀಲಿಯನ್ನು ಬಳಿದರು. ತ್ರಿವರ್ಣದ ವೃತ್ತವಂತೂ ಸ್ವಾತಂತ್ರ್ಯಾನಂತರದ್ದು.

ಆಟಿಕೆಗೆ ಇಷ್ಟೆಲ್ಲ ಏಕೆ ಮೇಷ್ಟ್ರೇ, ಎಂದು ಅವನ ತಂದೆ ಕೇಳಿಯಾನು. (ನೀನೂ ಓದುತ್ತಿದ್ದೀಯಲ್ಲ!) ಹುಡುಗ ಆ ವರ್ಷದ, ಆ ದಳದ ಛಾಯಾಚಿತ್ರವನ್ನೇ ಹುಡುಕಿ ನೋಡಲಿ. ಬಣ್ಣದ ಡಬ್ಬಿ ಒಂದು ವಾರ ಕಾಯುತ್ತದೆ.